ಏಳನೇ ಬಾಟಲಿ

ಗೊಬ್ಬೂರ
18 ಆಗಸ್ಟ್ 2024

ಅನೂ,

ಬಾಟಲಿಗಳನ್ನು ಮುಟ್ಟುವ ಮೊದಲು ಇದನ್ನು ಓದು. ಬರ್ಫಿನ ಗಡ್ಡೆಯ ಪಕ್ಕ ಇಡಬೇಕಾಗಿ ಬಂದದ್ದಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದೇನೆ. ಇನ್ನು ಮೇಲೆ ಫೋನ್ ಮಾಡಬೇಡ. ಎದುರಿಗಿದ್ದವರ ಮಾತಾದರೆ ತುಟಿ ನೋಡಿ ತಿಳಿಯುತ್ತದೆ, ಫೋನಿನಲ್ಲಿ ತಿಳಿಯುವುದಿಲ್ಲ. ನೀನು ಹೈದರಾಬಾದಿನಿಂದ ಕೂಗುವುದು, ನಾನು ಇಲ್ಲಿಂದ "ಹಾಂ? ಹಾಂ?" ಅನ್ನುವುದು, ನಡುವೆ ನಿಮ್ಮಪ್ಪ "ಆಕೀಗ ಕಿವಿ ಕೇಳಸಂಗಿಲ್ಲ, ನನಗ ಹೇಳು" ಅಂತ ಫೋನ್ ಕಸಿದುಕೊಂಡು ಆಮೇಲೆ ನನಗೆ ಅರ್ಧ ಮಾತ್ರ ತಿಳಿಸುವುದು, ಇದೆಲ್ಲ ಸಾಕಾಗಿದೆ. ಅಂಗನವಾಡಿಯಿಂದ ನಿವೃತ್ತಿಯಾದರೂ ಬರೆಯುವ ಕೈ ಗಟ್ಟಿ ಇದೆ. ಪೆಟ್ಟಿಗೆ ಹೇಗಿದ್ದರೂ ಸಂಜೆ ಬಸ್ಸಿಗೆ ಬರುತ್ತದೆ, ಕಾಗದವೂ ಅದರೊಳಗೇ ಬರಲಿ. ಖಾಲಿ ಪೆಟ್ಟಿಗೆ ವಾಪಸು ಕಳಿಸುವಾಗ ನೀನೂ ನಾಲ್ಕು ಸಾಲು ಗೀಚು.

ನಮ್ಮ ಹೆಂಗಸರ ಡೇರಿಗೆ ಹಾಲು ಹಾಕುವ ಎಲ್ಲ ಮನೆಗಳ ಹಾಲೂ ಇದರಲ್ಲಿದೆ. ಡೇರಿಯ ಕಾರ್ಯದರ್ಶಿಯಾದ ನನ್ನ ಮಗಳೇ ಹಾಲು ಪರೀಕ್ಷೆ ಮಾಡುತ್ತಾಳೆ ಅಂದ ಕೂಡಲೇ ಕಸ್ತೂರಿಬಾಯಿ ಹುಬ್ಬು ಏರಿಸಿದಳು. "ನೀರು ಹಾಕಿದ್ದು ಹಿಡೀಲಾಕೇನು?" ಅಂದಳು. "ನೀರಿಗಲ್ಲಬೇ, ಹಿಂಡಿಗಿ ಬೂಸ್ಟು ಹಿಡದಿದ್ರ ಅದರ ವಿಷ ಹಾಲಿಗಿ ಇಳೀತದಂತ, ಅದನ್ನ ನೋಡ್ತಾಳ" ಅಂದೆ. "ಹಂಗಾದ್ರ ತಗೋ" ಅಂತ ಮುಖ ಸಡಿಲಿಸಿದಳು. ಆಕೆಯ ಹಾಲಿನಲ್ಲಿ ನೀರಿದೆ ಅಂತ ನನಗೆ ಆಗಲೇ ಖಾತ್ರಿಯಾಯಿತು.

ಅಜೀಜಾಬಿಯ ಎಮ್ಮೆ ಈದಿದೆ. ಹೆಣ್ಣು ಕರು. ಎಮ್ಮೆಯ ಹಣೆಯ ಮೇಲೆ ಬಿಳಿ ಚುಕ್ಕೆ ಇರುವುದಕ್ಕೆ ಚಾಂದಿ ಅಂತ ಹೆಸರಿಟ್ಟಿದ್ದಾಳೆ. ಮೊದಲಿನ ಎಮ್ಮೆ ಈದ ತಿಂಗಳೊಳಗೇ ಸತ್ತದ್ದು ನಿನಗೆ ನೆನಪಿರಬೇಕು. ಕಣ್ಣು ಬಿದ್ದು ಸತ್ತಿತು ಅಂತ ಇಡೀ ಓಣಿಯೇ ಆಡಿಕೊಂಡಿತ್ತು. ಈ ಸಲ ಆಕೆ ಕೊಟ್ಟಿಗೆಯ ಬಾಗಿಲಿಗೆ ಹಳೇ ಚಪ್ಪಲಿ ಕಟ್ಟಿದ್ದಾಳೆ, ಎಮ್ಮೆಯ ಕೊರಳಿಗೆ ಕರಿ ದಾರ ಕಟ್ಟಿದ್ದಾಳೆ, ಹೋಗಿ ಬಂದವರನ್ನೆಲ್ಲ ದುರುಗುಟ್ಟಿ ನೋಡುತ್ತಾಳೆ. ಗಿಣ್ಣ ಮಾತ್ರ ಮೊದಲು ನಮ್ಮ ಮನೆಗೇ ತಂದಳು. ನೀನು ಹುಟ್ಟಿದಾಗ ನನ್ನ ಎದೆಯಲ್ಲಿ ಹಾಲಿರಲಿಲ್ಲ. ಆಕೆಯ ಮನೆಯ ಎಮ್ಮೆಯ ಹಾಲು ಕುಡಿದೇ ನೀನು ದೊಡ್ಡವಳಾದದ್ದು. ಇದನ್ನು ನೂರು ಸಲ ಹೇಳಿದ್ದೇನೆ, ಮತ್ತೂ ಹೇಳುತ್ತೇನೆ.

ಗಾಜಿನ ಎಳೆಗೆ ಚಿನ್ನ ಹಚ್ಚಿ ಹಾಲಿನಲ್ಲಿ ಅದ್ದುತ್ತಾರೆ ಅಂತ ನಿಮ್ಮಪ್ಪ ಕಟ್ಟೆಯ ಮೇಲೆ ಹೇಳಿ ಬಂದಿದ್ದಾರೆ. ಸರಕಾರ ಚಂದ್ರಾಮಪ್ಪನ ಮಗಳಿಗೆ ಚಿನ್ನ ಕೊಟ್ಟಿದೆ ಅಂತ ಈಗ ಊರ ತುಂಬ ಸುದ್ದಿ. ನಿಜ ಏನು ಅಂತ ಬರೆ.

ನಿನ್ನ ಅವ್ವ
ಗುರಮ್ಮ


ಹೈದರಾಬಾದ್
24 ಆಗಸ್ಟ್ 2024

ಅವ್ವಾ,

ಸರಕಾರ ನನಗೆ ಚಿನ್ನ ಕೊಟ್ಟಿಲ್ಲ. ನಾನು ವರ್ಷವಿಡೀ ಬಳಸುವ ಚಿನ್ನವನ್ನೆಲ್ಲ ಕೂಡಿಸಿದರೂ ನಿನ್ನ ನತ್ತಿನ ಒಂದು ಮೂಲೆಗೆ ಸಾಲುವುದಿಲ್ಲ. ಅಪ್ಪನಿಗೆ ಇಷ್ಟು ಹೇಳು, ಕಟ್ಟೆಗೆ ಸಾಕು.

ನಿನಗೆ ಪೂರ್ತಿ ಹೇಳುತ್ತೇನೆ. ಹೋದ ವರ್ಷ ನಮ್ಮ ರಸ್ತೆಯ ಬದಿ ಅಗೆದು ಇಂಟರ್ನೆಟ್ಟಿಗೆ ಕೇಬಲ್ ಹೂಳಿದರಲ್ಲ, ಅದರೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇರುತ್ತದೆ. ಒಂದು ತುದಿಯಿಂದ ಬೆಳಕು ಬಿಟ್ಟರೆ ಇನ್ನೊಂದು ತುದಿಗೆ ಹೋಗಿ ಮುಟ್ಟುತ್ತದೆ. ನಾನು ಬಳಸುವುದು ಅಂಥದೇ ಎಳೆ. ಅದರ ಹೊರಪದರ ಸ್ವಲ್ಪ ಸುಲಿದು, ಹಾಲಿನಿಂದ ಕೊಬ್ಬು ತೆಗೆದು, ಅದಕ್ಕೆ ಚಿನ್ನದ ಕಣಗಳಿರುವ ದ್ರಾವಣದ ಹನಿ ಬೆರೆಸಿ ಎಳೆಯನ್ನು ಅದ್ದುತ್ತೇನೆ. ಚಿನ್ನವನ್ನು ಅಷ್ಟು ಸಣ್ಣದು ಮಾಡಿದರೆ ಅದು ಹಳದಿ ಇರುವುದಿಲ್ಲ, ಕುಂಕುಮದ ನೀರಿನ ಹಾಗೆ ಕೆಂಪಗಿರುತ್ತದೆ. ಕಣಗಳು ಒಂದಕ್ಕೊಂದು ದೂರ ನಿಂತಿರುವವರೆಗೆ ಕೆಂಪು. ಬೂಸ್ಟಿನ ವಿಷ ಇದ್ದರೆ ಅವು ಒಂದಕ್ಕೊಂದು ಅಂಟಿಕೊಂಡು ನೀಲಿಗೆ ತಿರುಗುತ್ತವೆ. ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀಲಿಯಾದರೂ ಎಳೆಯೊಳಗಿನ ಬೆಳಕಿಗೆ ಗೊತ್ತಾಗುತ್ತದೆ.

ಈ ವಿಷ ನಾಲಿಗೆಗೆ ತಿಳಿಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಯಕೃತ್ತು ಕೆಡುತ್ತದೆ. ಸದ್ಯ ಇದನ್ನು ಹಿಡಿಯಬೇಕೆಂದರೆ ಒಂದು ಕೋಣೆಯಷ್ಟು ದೊಡ್ಡ ಯಂತ್ರ ಬೇಕು, ವಾರಗಟ್ಟಲೆ ಕಾಯಬೇಕು. ನಮ್ಮದು ಊಟದ ಡಬ್ಬಿಯಷ್ಟೇ ಇದೆ. ಇದು ಸರಿಯಾಗಿ ಕೆಲಸ ಮಾಡಿದರೆ ಆಳಂದ, ಅಫಜಲಪುರ, ಜೇವರ್ಗಿಯ ಒಂದೊಂದು ಡೇರಿಯಲ್ಲೂ ಒಂದು ಇಡಬಹುದು. ಕಿಣ್ಣಿ ಸುಲ್ತಾನ ಊರಿನಿಂದ ಪ್ರಬುದ್ಧ ಅನ್ನುವವನು ಹಾಲು ಕಳಿಸುತ್ತಿದ್ದಾನೆ, ಜೇವರ್ಗಿಯಿಂದ ಭಾಗ್ಯಜ್ಯೋತಿ. ಅವರೂ ನಮ್ಮ ಲ್ಯಾಬಿನವರೇ.

ಬಾಟಲಿಯ ಮೇಲೆ ಹೆಸರು ಬರೆಯಬೇಡ ಅಂದಿದ್ದೆ, ನೀನು ಹೆಸರಿನ ಜೊತೆ ಅಡ್ಡಹೆಸರೂ ಬರೆದಿದ್ದೀಯ. ಇನ್ನು ಮೇಲೆ ಅಂಕಿ ಮಾತ್ರ ಬರೆ. ಅಜೀಜಾ ಖಾಲಾಗೆ ಏಳು.

ಗಿಣ್ಣದ ಮಾತು ಎತ್ತಿ ಹೊಟ್ಟೆ ಉರಿಸಬೇಡ.

ಅನು


ಹೈದರಾಬಾದ್
9 ಸೆಪ್ಟೆಂಬರ್ 2024

ಅವ್ವಾ,

ಇದನ್ನು ನೀನೊಬ್ಬಳೇ ಓದು, ಅಪ್ಪನ ಮುಂದೆ ಓದಬೇಡ.

ಏಳನೇ ಬಾಟಲಿ ನೀಲಿಯಾಗಿದೆ. ಮೊದಲ ಪೆಟ್ಟಿಗೆಯಲ್ಲಿ ಆದಾಗ ನನ್ನ ಕೈ ತಪ್ಪಿರಬೇಕು ಅಂದುಕೊಂಡೆ. ಆಮೇಲೆ ಬಂದ ಪೆಟ್ಟಿಗೆಗಳಲ್ಲೂ ಅದೇ ಕತೆ. ಉಳಿದ ಎಲ್ಲ ಮನೆಗಳ ಹಾಲೂ ಕೆಂಪು, ಖಾಲಾಳ ಹಾಲು ಮಾತ್ರ ನೀಲಿ, ಅದೂ ಗಾಢ ನೀಲಿ. ಚಾಂದಿಗೆ ಯಾವ ಹಿಂಡಿ ಹಾಕುತ್ತಾಳೆ, ಚೀಲ ಎಲ್ಲಿಡುತ್ತಾಳೆ, ತೇವ ತಗಲಿದೆಯೋ ಏನೋ, ಸಹಜವಾಗಿ ಮಾತಾಡಿಸಿ ನೋಡು.

ಅದೇ ಬಾಟಲಿಯ ಉಳಿದ ಹಾಲನ್ನು ದೊಡ್ಡ ಯಂತ್ರಕ್ಕೆ ಕಳಿಸಿದ್ದೇನೆ. ಅದರ ಉತ್ತರ ಬರುವವರೆಗೆ ಯಾರಿಗೂ ಹೇಳಬೇಡ. ಹಾಗೆ ನೋಡಿದರೆ ನಿನಗೂ ಹೇಳಬಾರದಿತ್ತು. ಆದರೆ ನೀನು ದಿನಾ ಸಂಜೆ ಅವರ ಮನೆಯಲ್ಲಿ ಚಹಾ ಕುಡಿಯುತ್ತೀಯಲ್ಲ, ತಡೆಯಲಿಕ್ಕೆ ಆಗಲಿಲ್ಲ. ಸ್ವಲ್ಪ ದಿನ ಏನಾದರೂ ನೆಪ ಹೇಳಿ ತಪ್ಪಿಸು.

ಅನು


ಗೊಬ್ಬೂರ
14 ಸೆಪ್ಟೆಂಬರ್ 2024

ಅನೂ,

ನೀನು ಯಾರಿಗೂ ಹೇಳಬೇಡ ಅಂದೆ. ನಮ್ಮ ಡೇರಿಯ ಹಾಲು ಮೊದಲು ಹೋಗುವುದು ಎಲ್ಲಿಗೆ ಅನ್ನುವುದನ್ನು ಮರೆತಿದ್ದೀಯ. ಅಂಗನವಾಡಿಗೆ. ನಾನು ಎತ್ತಿ ಆಡಿಸಿದ ಹುಡುಗರ ಮಕ್ಕಳು ಅಲ್ಲಿ ಲೋಟ ಹಿಡಿದು ಕೂರುತ್ತವೆ. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಕಾರ್ಯದರ್ಶಿಯಾಗಿ ಗೊತ್ತಿದ್ದೂ ಸುಮ್ಮನಿರು ಅಂದರೆ ಹೇಗೆ ಇರಲಿ? ಒಂದೇ ಒಂದು ದಿನ ಸುಮ್ಮನಿದ್ದೆ.

ಗುರುವಾರ ಬೆಳಿಗ್ಗೆ ಅಜೀಜಾಬಿ ಕ್ಯಾನು ಇಟ್ಟಾಗ ಆಕೆಯನ್ನು ಪಕ್ಕಕ್ಕೆ ಕರೆದೆ. ಮೆಲ್ಲಗೆ ಹೇಳಬೇಕು ಅಂದುಕೊಂಡಿದ್ದೆ, ಆದರೆ ನನಗೆ ಕಿವಿ ಕೇಳದ್ದಕ್ಕೆ ನಾನು ಮೆಲ್ಲಗೆ ಹೇಳಿದ್ದೂ ಊರಿಗೆ ಕೇಳುತ್ತದೆ. "ಸ್ವಲ್ಪ ದಿನ ನಿನ್ನ ಹಾಲು ಬ್ಯಾಡಬೇ, ಅನೂನ ಪರೀಕ್ಷೆದಾಗ ಏನೋ ಬಂದದ" ಅಂದೆ.

ಆಕೆ ಕ್ಯಾನಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಏನ್ ಬಂದದ?"

"ಬೂಸ್ಟಿನ ವಿಷ."

"ನನ್ನ ಹಾಲಿನ್ಯಾಗ? ಗುರಮ್ಮಾ, ನಿನ್ನ ಮಗಳಿಗಿ ಕುಡಿಸಿದ ಕೈ ಇದು."

ಅಷ್ಟು ಅಂದು ಕ್ಯಾನು ಎತ್ತಿಕೊಂಡು ಹೋದಳು. ಸಂಜೆ ಆಕೆಯ ಮಗ ಮಸೂದ ಹಿಂಡಿಯ ಚೀಲವನ್ನು ನಮ್ಮ ಅಂಗಳಕ್ಕೆ ತಂದು ಸುರಿದು, "ನೋಡ್ರಿ, ಎಲ್ಲದ ಬೂಸ್ಟು, ತೋರಸ್ರಿ" ಅಂದ. ನಾನು ಕೈಹಾಕಿ ನೋಡಿದೆ. ನನಗೇನೂ ಕಾಣಲಿಲ್ಲ. ಹಿಂಡಿ ಒಣಗಿ ಗರಿಗರಿ ಇತ್ತು, ವಾಸನೆಯೂ ಇರಲಿಲ್ಲ.

ಚಹಾ ತಪ್ಪಿಸಲಿಕ್ಕೆ ನೆಪ ಹುಡುಕುವ ಕೆಲಸ ಉಳಿಯಲಿಲ್ಲ. ಆಕೆ ಕರೆಯುತ್ತಿಲ್ಲ.

ಅವ್ವ


ಗೊಬ್ಬೂರ
30 ಸೆಪ್ಟೆಂಬರ್ 2024

ಅನು ಬೇಟಿಗೆ ಅಜೀಜಾಬಿಯ ದುವಾ.

ನಾನು ಹೇಳುತ್ತಿದ್ದೇನೆ, ಸೊಸೆ ವಜೀರುನ್ನಿಸಾ ಬರೆಯುತ್ತಿದ್ದಾಳೆ. ಇದನ್ನು ನಿಮ್ಮವ್ವನ ಪೆಟ್ಟಿಗೆಯಲ್ಲಿ ಹಾಕಿಲ್ಲ, ಕಂಡಕ್ಟರನ ಕೈಗೇ ಕೊಟ್ಟಿದ್ದೇನೆ.

ನೀನು ಓದಿದವಳು, ಸುಳ್ಳು ಹೇಳುವವಳಲ್ಲ. ಅದಕ್ಕೇ ಹಿಂಡಿ ಹಾಕುವುದನ್ನು ಬಿಟ್ಟೆ. ಚೀಲ ಸುಟ್ಟೆ. ಮೇವು ಹಾಕುವ ಗೋದಲಿ ತೊಳೆದು ಬಿಸಿಲಿಗೆ ಒಣಗಿಸಿದೆ. ಈಗ ಚಾಂದಿಗೆ ಹಸಿ ಹುಲ್ಲು, ಜೋಳದ ಕಣಿಕಿ ಬಿಟ್ಟರೆ ಬೇರೆ ಏನೂ ಇಲ್ಲ. ಹಾಲು ಅರ್ಧಕ್ಕೆ ಬಂದಿದೆ. ಆದರೂ ಈ ವಾರ ಪರೀಕ್ಷೆಗೆ ಕೊಟ್ಟು ಕಳಿಸಿದ ಬಾಟಲಿ ಮತ್ತೆ ನೀಲಿಯಾಯಿತು ಅಂತ ಕೇಳಿದೆ. ಹಾಗಾದರೆ ವಿಷ ಹಿಂಡಿಯಲ್ಲಿಲ್ಲ, ಎಮ್ಮೆಯಲ್ಲೇ ಇದೆ ಅಂತ ಮಸೂದ ಹೇಳುತ್ತಾನೆ. ಮಾರಿಬಿಡೋಣ ಅನ್ನುತ್ತಾನೆ. ಓಣಿಯಲ್ಲಿ ಮಕ್ಕಳಿಗೂ ನಮ್ಮ ಮನೆಯ ಮಜ್ಜಿಗೆ ಬೇಡ ಅಂತ ಹೇಳಿಕೊಟ್ಟಿದ್ದಾರೆ. ಈದ್ ಮಿಲಾದಿಗೆ ಖೀರು ಮಾಡಿ ಹಂಚಿದೆ, ಪಾತ್ರೆಗಳು ಹೋದ ಹಾಗೇ ವಾಪಸು ಬಂದವು.

ಆ ಹಾಲನ್ನು ನಾವು ಮನೆಯಲ್ಲಿ ಕುಡಿಯುತ್ತಿದ್ದೇವೆ. ನಾನೂ, ಮಸೂದನೂ, ಬಾಣಂತಿಯಾದ ಈ ವಜೀರುನ್ನಿಸಾಳೂ. ಕುಡಿಯಬಹುದೋ ಬಾರದೋ, ಅದನ್ನೊಂದು ಹೇಳಿಬಿಡು. ಎಮ್ಮೆ ಮಾರಬೇಕು ಅಂದರೆ ಮಾರುತ್ತೇನೆ. ಆದರೆ ನೀನೇ ಹೇಳಬೇಕು, ನಿಮ್ಮವ್ವನ ಬಾಯಿಂದ ಬೇಡ.

ಅಜೀಜಾಬಿ


ಹೈದರಾಬಾದ್
8 ಅಕ್ಟೋಬರ್ 2024

ಅವ್ವಾ,

ಖಾಲಾಳ ಕಾಗದಕ್ಕೆ ಬೇರೆ ಉತ್ತರ ಬರೆದಿದ್ದೇನೆ, ಪೆಟ್ಟಿಗೆಯ ಮೇಲ್ಗಡೆ ಇದೆ. ಇವತ್ತೇ ಕೊಟ್ಟು ಬಾ. ಆಕೆ ಬಾಗಿಲು ತೆಗೆಯದಿದ್ದರೆ ವಜೀರುನ್ನಿಸಾಳ ಕೈಗೆ ಕೊಡು.

ದೊಡ್ಡ ಯಂತ್ರದ ಉತ್ತರ ಬಂತು. ಏಳನೇ ಬಾಟಲಿಯ ಹಾಲಿನಲ್ಲಿ ವಿಷ ಇಲ್ಲ. ಒಂದಿಷ್ಟೂ ಇಲ್ಲ. ಕುಡಿಯಲಿ, ಕುಡಿಸಲಿ. ಖಾಲಾಗೂ ಇದನ್ನೇ ಬರೆದಿದ್ದೇನೆ, ಎಮ್ಮೆ ಮಾರಬೇಡ ಅಂತಲೂ ಬರೆದಿದ್ದೇನೆ.

ಈಗ ಕೆಟ್ಟಿರುವುದು ನನ್ನ ಡಬ್ಬಿ. ಕಿಣ್ಣಿ ಸುಲ್ತಾನದಲ್ಲಿ ಕೆಡುವುದಿಲ್ಲ, ಜೇವರ್ಗಿಯಲ್ಲಿ ಕೆಡುವುದಿಲ್ಲ, ನಮ್ಮೂರಿನ ಒಂದೇ ಬಾಟಲಿಗೆ ಕೆಡುತ್ತದೆ. ಆ ಬಾಟಲಿಗೆ ಏನೋ ಆಗುತ್ತಿದೆ. ಕರೆಯುವಲ್ಲಿಂದ ಹಿಡಿದು ಬಸ್ಸು ಹತ್ತುವವರೆಗೆ ಏನೇನು ಮಾಡುತ್ತೀಯೋ ಎಲ್ಲವನ್ನೂ ಬರೆ. ಕೈ ತೊಳೆದದ್ದು, ಒರೆಸಿದ್ದು, ಏನನ್ನೂ ಬಿಡಬೇಡ. ಇದರಲ್ಲೇನಿದೆ ಬರೆಯುವುದು ಅಂತ ಅನಿಸಿದ್ದನ್ನೂ ಬರೆ.

ಅನು


ಗೊಬ್ಬೂರ
15 ಅಕ್ಟೋಬರ್ 2024

ಅನೂ,

ಕಾಗದ ಕೊಟ್ಟೆ. ವಜೀರುನ್ನಿಸಾ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಇಸಿದುಕೊಂಡಳು. ಒಳಗಿನಿಂದ ಅಜೀಜಾಬಿಯ ಕೆಮ್ಮು ಕೇಳಿಸಿತು ಅಂತ ನಿಮ್ಮಪ್ಪ ಅಂದರು. ನನಗೆ ಅದೂ ಕೇಳಿಸಲಿಲ್ಲ.

ಡೇರಿಯಲ್ಲಿ ಎಲ್ಲರ ಮುಂದೆ ಹೇಳಿದೆ, ದೊಡ್ಡ ಯಂತ್ರ ಹಾಲು ಸ್ವಚ್ಛ ಇದೆ ಅಂದಿದೆ ಅಂತ. ಕಸ್ತೂರಿಬಾಯಿ ಕೇಳಿದಳು: "ಒಂದು ಯಂತ್ರ ಅದ ಅಂತದ, ಇನ್ನೊಂದು ಇಲ್ಲ ಅಂತದ. ನಾವು ಯಾವುದ್ನ ನಂಬಬೇಕ್ರಿ ಅಕ್ಕಾ?" ಆಕೆಯ ಮೇಲೆ ಸಿಟ್ಟು ಬಂತು. ಅಜೀಜಾಬಿಯ ಹಾಲನ್ನು ಎಲ್ಲರ ಹಾಲಿನ ಜೊತೆ ಬೆರೆಸಲು ಒಬ್ಬರೂ ಒಪ್ಪಲಿಲ್ಲ. ಮಸೂದ ಕರಜಗಿಯಲ್ಲಿ ಗಿರಾಕಿ ಹುಡುಕಿದ್ದಾನೆ ಅಂತ ಸುದ್ದಿ.

ಇನ್ನು ನಿನ್ನ ಪ್ರಶ್ನೆ. ಅಂಗನವಾಡಿಯ ಮೇಲ್ವಿಚಾರಕಿಯೂ ನನ್ನನ್ನು ಹೀಗೆ ವಿಚಾರಣೆ ಮಾಡಿರಲಿಲ್ಲ. ಬರೆದುಕೋ. ಸಂಜೆ ಹಾಲು ಬರುವ ಹೊತ್ತಿಗೆ ಸಾಬೂನಿನಿಂದ ಕೈ ತೊಳೆಯುತ್ತೇನೆ. ನೀನು ಕೊಟ್ಟ ಸ್ಟೀಲಿನ ಸೌಟನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು ಒಬ್ಬೊಬ್ಬರ ಕ್ಯಾನಿನಿಂದ ಬಾಟಲಿಗೆ ತುಂಬುತ್ತೇನೆ. ಅಜೀಜಾಬಿ ಈಗ ಡೇರಿಗೆ ಬರುವುದಿಲ್ಲ, ಸೊಸೆ ಚೊಂಬಿನಲ್ಲಿ ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಾಳೆ, ಅದರಿಂದ ತುಂಬುತ್ತೇನೆ. ಮುಚ್ಚಳ ಹಾಕಿ ಒರೆಸಿ ಮನೆಗೆ ತಂದು ಬರ್ಫಿನಲ್ಲಿ ಇಡುತ್ತೇನೆ. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತದೆ. ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ದೀಪ ಹಚ್ಚಿ, ಏಳನೇ ಬಾಟಲಿಗೆ ಒಂದು ಹರಳು ಉಪ್ಪು ಹಾಕಿ, ಪೆಟ್ಟಿಗೆಗೆ ಹಗ್ಗ ಬಿಗಿದು ನಿಮ್ಮಪ್ಪನ ಕೈಗೆ ಕೊಡುತ್ತೇನೆ. ಅವರು ಬಸ್‌ಸ್ಟ್ಯಾಂಡಿಗೆ ಒಯ್ದು ಕಂಡಕ್ಟರನಿಗೆ ಕೊಡುತ್ತಾರೆ. ಇಷ್ಟೇ.

ಉಪ್ಪು ಆ ಬಾಟಲಿಗೆ ಮಾತ್ರ ಯಾಕೆ ಅಂತ ಮತ್ತೆ ಕಾಗದ ಬರೆಯಬೇಡ. ಹೊಸದಾಗಿ ಈದ ಎಮ್ಮೆಯ ಹಾಲು ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟುತ್ತದೆ, ಅದೂ ಹೈದರಾಬಾದಿನವರೆಗೆ ಹೋಗುತ್ತದೆ. ಎಷ್ಟು ಜನರ ಕಣ್ಣು! ಉಪ್ಪಿನ ಹರಳು ಬಿದ್ದರೆ ದೃಷ್ಟಿ ತಾಗುವುದಿಲ್ಲ. ಒಂದು ಎಮ್ಮೆ ಆಗಲೇ ಕಳೆದುಕೊಂಡಿದ್ದಾಳೆ ಪಾಪ, ನಿನ್ನ ಪರೀಕ್ಷೆಯ ದೆಸೆಯಿಂದ ಚಾಂದಿಗೆ ಏನಾದರೂ ಆದರೆ ನಾನು ಆಕೆಗೆ ಹೇಗೆ ಮುಖ ತೋರಿಸಲಿ? ಉಳಿದವರ ಎಮ್ಮೆಗಳು ಯಾವಾಗಲೋ ಈದವು, ಅವನ್ನು ಯಾರು ಕಣ್ಣೆತ್ತಿ ನೋಡುತ್ತಾರೆ. ಇದೇನು ಬರೆಯುವಂಥದ್ದಲ್ಲ, ಎಲ್ಲರ ಮನೆಯಲ್ಲೂ ಮಾಡುವುದೇ. ನೀನು ಏನನ್ನೂ ಬಿಡಬೇಡ ಅಂದದ್ದಕ್ಕೆ ಬರೆದೆ.

ಅವ್ವ


ಹೈದರಾಬಾದ್
23 ಅಕ್ಟೋಬರ್ 2024

ಅವ್ವಾ,

ಉಪ್ಪು.

ನಿನ್ನ ಕಾಗದ ಓದಿದ ಕೂಡಲೇ ಕಿಣ್ಣಿ ಸುಲ್ತಾನದ ಹಾಲಿಗೆ ಒಂದು ಹರಳು ಹಾಕಿ ಎಳೆ ಅದ್ದಿದೆ. ನೀಲಿ. ಜೇವರ್ಗಿಯ ಹಾಲಿಗೆ ಹಾಕಿದೆ. ಅದೂ ನೀಲಿ. ಉಪ್ಪು ಹೆಚ್ಚಾದರೆ ವಿಷ ಇಲ್ಲದಿದ್ದರೂ ಚಿನ್ನದ ಕಣಗಳು ಅಂಟಿಕೊಳ್ಳುತ್ತವೆ. ಈ ಕೆಲಸ ಮಾಡುವವರೆಲ್ಲರಿಗೂ ಇದು ಗೊತ್ತು, ನನಗೂ ಗೊತ್ತಿತ್ತು. ಹಾಲಿನಲ್ಲಿ ಮೊದಲೇ ಇರುವ ಉಪ್ಪಿಗೆ ಲೆಕ್ಕ ಇಟ್ಟಿದ್ದೆ. ಬಾಟಲಿಗೆ ಯಾರಾದರೂ ಉಪ್ಪು ಹಾಕುತ್ತಾರೆ ಅಂತ ಹೊಳೆಯಲೇ ಇಲ್ಲ. ಗೊಬ್ಬೂರಿನಲ್ಲಿ ಹುಟ್ಟಿ ಬೆಳೆದವಳು ನಾನು, ನೀನು ನೆರೆಮನೆಗೆ ಕೊಡುವ ಮಜ್ಜಿಗೆಗೂ ಉಪ್ಪು ಹಾಕಿ ಕೊಟ್ಟದ್ದನ್ನು ನೋಡಿದವಳು ನಾನು.

ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಲ್ಯಾಬಿನ ಹೊರಗೆ ಕೂತು ಅತ್ತೆ. ದೊಡ್ಡ ಯಂತ್ರದ ಉತ್ತರ ಬರುವ ಮೊದಲೇ ಬಾಯಿ ಬಿಟ್ಟವಳು ನಾನು.

ಮಸೂದನಿಗೆ ಫೋನ್ ಮಾಡುತ್ತಲೇ ಇದ್ದೇನೆ, ಎತ್ತುತ್ತಿಲ್ಲ. ಎಮ್ಮೆ ಮಾರಬೇಡ ಅಂತ ನೀನೇ ಹೋಗಿ ಹೇಳು, ಕೇಳದಿದ್ದರೆ ಬಾಗಿಲಲ್ಲೇ ಕೂತುಬಿಡು. ಶನಿವಾರ ಡಬ್ಬಿ ತೆಗೆದುಕೊಂಡು ನಾನೇ ಬರುತ್ತೇನೆ. ಡೇರಿಯಲ್ಲಿ ಎಲ್ಲರ ಎದುರಿಗೆ ಮಾಡಿ ತೋರಿಸುತ್ತೇನೆ.

ಅನು


ಹೈದರಾಬಾದ್
5 ನವೆಂಬರ್ 2024

ಅವ್ವಾ,

ತಲುಪಿದೆ. ನಮ್ಮ ಮೇಡಂಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತು, "ನಮ್ಮಮ್ಮನೂ ಹಾಕುತ್ತಿದ್ದರು" ಅಂದರು. ಡಬ್ಬಿಯನ್ನು ಸದ್ಯ ಯಾವ ಡೇರಿಗೂ ಕೊಡುವುದಿಲ್ಲ. ಮೊದಲು ಉಪ್ಪು ನೋಡಿ ಆಮೇಲೆ ವಿಷ ನೋಡುವ ಹಾಗೆ ಇನ್ನೊಂದು ಎಳೆ ಸೇರಿಸಬೇಕು. ಇದಕ್ಕೆ ಮತ್ತೊಂದು ವರ್ಷ ಹಿಡಿಯುತ್ತದೆ. ಹಿಡಿಯಲಿ.

ಖಾಲಾ ಮಾತಾಡಿದಳೇ? ಅದನ್ನೊಂದು ಬರೆ.

ಅನು


ಗೊಬ್ಬೂರ
19 ನವೆಂಬರ್ 2024

ಅನೂ,

ಇಲ್ಲ, ಮಾತಾಡಿಲ್ಲ. ಆದರೆ ನೀನು ಹೋದ ಮೇಲೆ ಬಹಳ ನಡೆದಿದೆ.

ಆ ದಿನ ನೀನು ಕಸ್ತೂರಿಬಾಯಿಯ ಹಾಲಿಗೆ ಉಪ್ಪು ಹಾಕಿ ನೀಲಿ ಮಾಡಿ ತೋರಿಸಿದಾಗ ಹೆಂಗಸರು ಯಾರೂ ನಿನ್ನ ಡಬ್ಬಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ತಪ್ಪು ನನ್ನದು" ಅಂತ ನೀನು ಅಂದೆ. ಅರ್ಧ ನಿನ್ನದು. ಉಳಿದರ್ಧ ಯಾರದು ಅಂತ ಬಾಗಿಲಲ್ಲಿ ನಿಂತ ಅಜೀಜಾಬಿಗೆ ಗೊತ್ತಾಯಿತು. ನಿನ್ನ ಕಾಗದ ನನ್ನ ಕೈ ಸೇರುವ ಮೊದಲೇ ಚಾಂದಿ ಕರುವಿನ ಸಮೇತ ಕರಜಗಿಯ ಗಾಡಿ ಹತ್ತಿತ್ತು. ಆಕೆ ಬರಿಗೈಲಿ ನಿಂತಿದ್ದಳು, ಬರಿಗೈಲೇ ಹೋದಳು.

ಆಮೇಲೆ ನನಗೆ ಮನೆಯಲ್ಲಿ ಕೂರಲಿಕ್ಕೆ ಆಗಲಿಲ್ಲ. ಹಬ್ಬ ಮುಗಿದ ಕೂಡಲೇ ಕರಜಗಿಗೆ ಹೋದೆ. ಕೊಂಡವನ ಹೆಸರು ಶ್ರೀಮಂತ, ಕಬ್ಬಿನ ತೋಟದಲ್ಲಿ ಮನೆ. ಮರ್ಯಾದಸ್ಥ. ಚಹಾ ಕೊಟ್ಟ, ಆದರೆ ಎಮ್ಮೆ ಕೊಡಲಿಲ್ಲ. "ಎಮ್ಮಿ ಭಾಳ ಛಲೋ ಅದ್ರಿ ಅವ್ವಾರ. ಹಾಲು ಛಲೋ, ಗುಣಾ ಛಲೋ. ಯಾಕ ವಾಪಸ್ ಕೊಡ್ಲಿ?" ಅಂದ. ಹಾಲು ಛಲೋ ಅನ್ನುವ ಮಾತನ್ನು ಆತನ ಬಾಯಿಂದ ಇನ್ನೊಮ್ಮೆ ಹೇಳಿಸಿದೆ.

"ನಮ್ಮ ಕೆಂಚಿ ತಗೋರಿ, ಇದನ್ನ ಕೊಡ್ರಿ" ಅಂದೆ.

ನಮ್ಮ ಎಮ್ಮೆ ಕೆಂಚಿ ನನ್ನ ತವರಿನ ತಳಿ ಅಂತ ನಿನಗೆ ಗೊತ್ತು. ಗಬ್ಬ ಇತ್ತು, ಈ ಚಳಿಗಾಲದಲ್ಲಿ ಈಯಬೇಕಿತ್ತು. ಶ್ರೀಮಂತ ಬಂದು ನೋಡಿ ಆ ಕ್ಷಣವೇ ಒಪ್ಪಿದ. ನಿಮ್ಮಪ್ಪ ಒಂದು ದಿನ ನನ್ನ ಜೊತೆ ಮಾತು ಬಿಟ್ಟರು. ಮರುದಿನ ತಾವೇ ಹೋಗಿ ಟೆಂಪೋ ಕರೆತಂದರು. ಹತ್ತಲು ಕೆಂಚಿ ಒಲ್ಲೆ ಅಂತ ಹಟ ಮಾಡಿತು. ಅದರ ಕೊರಳು ಹಿಡಿದು ಅತ್ತೆ. ಬರೆಯಲಿಕ್ಕೆ ನನಗೇನೂ ನಾಚಿಕೆ ಇಲ್ಲ.

ಚಾಂದಿಯನ್ನೂ ಕರುವನ್ನೂ ತಂದು ಅಜೀಜಾಬಿಯ ಅಂಗಳದಲ್ಲಿ ಕಟ್ಟಿದೆ. ಆಕೆ ಹೊರಗೆ ಬಂದಳು. ಕೆಚ್ಚಲು ಮುಟ್ಟಿ ನೋಡಿದಳು, ಕರುವಿನ ಕಿವಿ ಎತ್ತಿ ಉಣ್ಣಿ ಇವೆಯೇನೋ ಅಂತ ನೋಡಿದಳು. "ಬಂದೇನಬೇ?" ಅಂದದ್ದು ತುಟಿಯ ಮೇಲೆ ಕಂಡಿತು. ಅದನ್ನು ಎಮ್ಮೆಗೆ ಅಂದಳು, ನನಗಲ್ಲ. ನನಗೆ ಕೂರು ಅನ್ನಲಿಲ್ಲ. ಸ್ವಲ್ಪ ಹೊತ್ತು ನಿಂತು ಮನೆಗೆ ಬಂದೆ.

ಈಗ ಆಕೆಯ ಹಾಲು ಎಲ್ಲರ ಹಾಲಿನ ಜೊತೆ ಅಂಗನವಾಡಿಗೆ ಹೋಗುತ್ತಿದೆ. ಡೇರಿಗೆ ಸೊಸೆ ಬರುತ್ತಾಳೆ, ಆಕೆ ಬರುವುದಿಲ್ಲ. ನಮ್ಮ ಕೊಟ್ಟಿಗೆ ಖಾಲಿ. ಡೇರಿಯ ಕಾರ್ಯದರ್ಶಿ ಅಂಗಡಿಯಿಂದ ಪಾಕೀಟಿನ ಹಾಲು ತರುವುದನ್ನು ನೋಡಿ ಕಸ್ತೂರಿಬಾಯಿ ನಗುತ್ತಾಳೆ. ನಗಲಿ.

ನಿನ್ನೆ ಸಂಜೆ ದೀಪ ಹಚ್ಚಿ ಏಳುವ ಹೊತ್ತಿಗೆ ವಜೀರುನ್ನಿಸಾ ಬಂದಳು. ಕೈಯಲ್ಲಿ ತಂಬಿಗೆ, ಮೇಲೆ ತಟ್ಟೆ ಮುಚ್ಚಿತ್ತು. "ಅತ್ತಿ ಕೊಟ್ಟಾಳ್ರಿ" ಅಂತ ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೊರಟುಹೋದಳು. ಚಾಂದಿಯ ಹಾಲು, ಇನ್ನೂ ಬೆಚ್ಚಗಿತ್ತು. ಚಹಾ ಮಾಡಿದೆ. ನಿಮ್ಮಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಸಕ್ಕರಿ ಬಿಟ್ಟು ಉಪ್ಪು ಹಾಕೀ ಏನು?"

ನಾನು ಸಕ್ಕರೆಯನ್ನೇ ಹಾಕಿದ್ದೆ. ತಂಬಿಗೆಯಲ್ಲಿ ಉಳಿದ ಹಾಲಿಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪು. ಒಂದು ಹರಳಲ್ಲ, ಕೈತುಂಬ ಹಾಕಿದ್ದಳು. ನನ್ನನ್ನು ಚುಚ್ಚಲಿಕ್ಕೆ ಹಾಕಿದಳೋ, ನನ್ನ ಕಣ್ಣು ಎಮ್ಮೆಗೆ ತಾಗಬಾರದು ಅಂತ ಹಾಕಿದಳೋ, ಆಕೆಗೇ ಗೊತ್ತು. ಆದರೂ ಹಾಲು ಕಳಿಸಿದಳು.

ಚೆಲ್ಲಿಬಿಡು ಅಂದರು ನಿಮ್ಮಪ್ಪ. ನನ್ನ ಲೋಟ ಮುಗಿಸಿ ಅವರ ಲೋಟವನ್ನೂ ನಾನೇ ಕುಡಿದೆ.

ಅವ್ವ